ಸತ್ಯವೇದದ ಪ್ರಾಮಾಣ್ಯ: ಬೀದರ ಸೀಮೆಯ ಮೆಥೊಡಿಸ್ಟರೂ ಮೂಲತತ್ತ್ವವಾದವೂ

ಬೀದರ, ಭಾಲ್ಕಿ, ಔರಾದ ಸೀಮೆಯ ಪ್ರಾಟೆಸ್ಟೆಂಟ್ ಕ್ರೈಸ್ತರು ಬಹುಮಟ್ಟಿಗೆ ಮೆಥೊಡಿಸ್ಟ್ ಸಂಪ್ರದಾಯದವರು. ನಿಜಾಮನ ಆಳ್ವಿಕೆಯ ಕಾಲದಲ್ಲಿ ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಯವರು ಇಲ್ಲಿಗೆ ಬಂದು ಬೋಧಿಸಿದುದರ ಫಲವಿದು. ಅಮೆರಿಕದಿಂದ ಬಂದುದೆಂಬ ಕಾರಣಕ್ಕೆ ಈ ಮತವನ್ನು ಆ ದೇಶದ ಮೂಲತತ್ತ್ವವಾದದೊಡನೆ ಒಂದಾಗಿ ಎಣಿಸುವುದು ಸುಲಭ. ಎರಡರ ವಿಧಿಗಳನ್ನೂ ಎದುರುಬದುರಾಗಿಟ್ಟು ನೋಡಿದಲ್ಲಿ ಆ ಎಣಿಕೆಯು ಪೂರ್ತಿಯಾಗಿ ನಿಲ್ಲಲಾರದು.

ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಪಂಡಿತರು ಬೈಬಲ್ಲನ್ನು ಇತರ ಪ್ರಾಚೀನ ಗ್ರಂಥಗಳಂತೆ ಕಾಲ, ಕರ್ತೃ, ಪಾಠಗಳ ಶೋಧನೆಗೆ ಒಳಪಡಿಸಿದರು. ಡಾರ್ವಿನ್ನನ ವಾದವು ಸೃಷ್ಟಿಕಥೆಯನ್ನು ಅಲುಗಿಸಿತು. ಇದಕ್ಕೆ ಪ್ರತಿಯಾಗಿ ಅಮೆರಿಕದ ಪ್ರೆಸ್ಬಿಟೀರಿಯನ್ ಮಹಾಸಭೆಯು 1910ರಲ್ಲಿ ಐದು ತತ್ತ್ವಗಳನ್ನು ಅವಶ್ಯವೆಂದು ವಿಧಿಸಿತು: ಶಾಸ್ತ್ರವು ದೋಷರಹಿತವಾದುದು, ಕ್ರಿಸ್ತನು ಕನ್ಯೆಯಲ್ಲಿ ಜನಿಸಿದನು, ಮನುಷ್ಯರ ಪಾಪಕ್ಕಾಗಿ ತನ್ನನ್ನು ಬಲಿಯಾಗಿ ಅರ್ಪಿಸಿದನು, ಅದೇ ದೇಹದೊಡನೆ ಪುನರುತ್ಥಾನ ಹೊಂದಿದನು, ಆತನ ಅದ್ಭುತಕಾರ್ಯಗಳು ನಿಜವಾಗಿ ನಡೆದವು. 1910ರಿಂದ 1915ರ ವರೆಗೆ ‘ದಿ ಫಂಡಮೆಂಟಲ್ಸ್’ ಎಂಬ ಹನ್ನೆರಡು ಸಂಪುಟಗಳು ಹೊರಟವು. ಎಣ್ಣೆಯ ಉದ್ಯಮದಿಂದ ಧನಿಕರಾದ ಸ್ಟೂವರ್ಟ್ ಸೋದರರು ಇವನ್ನು ಪಾದ್ರಿಗಳಿಗೂ ದೂರದೇಶಗಳ ಮಿಷನರಿಗಳಿಗೂ ಉಚಿತವಾಗಿ ಕಳುಹಿಸಿದರು. 1920ರಲ್ಲಿ ಕರ್ಟಿಸ್ ಲೀ ಲಾಸ್ ಎಂಬ ಬ್ಯಾಪ್ಟಿಸ್ಟ್ ಪತ್ರಿಕಾಸಂಪಾದಕನು ‘ಫಂಡಮೆಂಟಲಿಸ್ಟ್’ ಎಂಬ ಹೆಸರನ್ನು ಬಳಕೆಗೆ ತಂದನು.

ಮೆಥೊಡಿಸ್ಟರ ಮತವಿಧಿಗಳಾದರೋ ಇದಕ್ಕೆ ಶತಮಾನಕ್ಕೂ ಹಿಂದಿನವು. ಜಾನ್ ವೆಸ್ಲಿಯು 1784ರಲ್ಲಿ ಆಂಗ್ಲ ಸಭೆಯ 39 ವಿಧಿಗಳನ್ನು 24ಕ್ಕೆ ಇಳಿಸಿದನು. ಅಮೆರಿಕದವರು ಒಂದನ್ನು ಸೇರಿಸಿ 25 ಮಾಡಿಕೊಂಡರು. 1808ರ ನಿಯಮವು ಇವುಗಳನ್ನು ಬದಲಿಸದಂತೆ ತಡೆಯಿತು. ಕನ್ಯಾಜನನ, ಪಾಪಪರಿಹಾರದ ಬಲಿ, ದೇಹಸಹಿತವಾದ ಪುನರುತ್ಥಾನ ಈ ಮೂರೂ ಇವುಗಳಲ್ಲಿ ಸ್ಪಷ್ಟವಾಗಿಯೇ ಇವೆ. ಭೇದವಿರುವುದು ಶಾಸ್ತ್ರದ ವಿಷಯದಲ್ಲಿ. ಐದನೆಯ ವಿಧಿಯು ಹೇಳುವುದು ಶಾಸ್ತ್ರದ ಪರ್ಯಾಪ್ತತೆಯನ್ನು: ರಕ್ಷಣೆಗೆ ಬೇಕಾದುದೆಲ್ಲವೂ ಅದರಲ್ಲಿದೆ, ಅದರಲ್ಲಿಲ್ಲದುದನ್ನು ನಂಬೆಂದು ಯಾರನ್ನೂ ನಿರ್ಬಂಧಿಸಕೂಡದು. ದೋಷರಾಹಿತ್ಯದ ಮಾತು ಅಲ್ಲಿಲ್ಲ. ವೆಸ್ಲಿಯು 1776ರ ದಿನಚರಿಯಲ್ಲಿ ಶಾಸ್ತ್ರದಲ್ಲಿ ತಪ್ಪಿಗೆ ಎಡೆಯಿಲ್ಲವೆಂಬ ಭಾವವನ್ನೇ ತೋರಿರುವನು. ಆದರೂ ವಿಧಿಯಲ್ಲಿ ಅದನ್ನು ಸೇರಿಸಲಿಲ್ಲವೆಂಬುದು ಗಮನಾರ್ಹ. ಇಂಗ್ಲೆಂಡಿನ ವೆಸ್ಲಿಯನ್ನರು ಮೈಸೂರು ಸೀಮೆಯಲ್ಲಿ ಬೆಳೆಸಿದ ಸಭೆಯು 1947ರಲ್ಲಿ ದಕ್ಷಿಣ ಇಂಡಿಯಾ ಸಭೆಯಲ್ಲಿ ಲೀನವಾಯಿತು. ಬೀದರದವರ ಸಭೆಯು ಹೊರಗುಳಿದು, 1981ರಲ್ಲಿ ಭಾರತದ ಸ್ವತಂತ್ರ ಮೆಥೊಡಿಸ್ಟ್ ಸಭೆಯಾಯಿತು.

ಕನ್ನಡ, ಮರಾಠಿ, ತೆಲುಗು, ಉರ್ದು ಭಾಷೆಗಳು ಕೂಡುವ ಈ ನಾಡಿನಲ್ಲಿ ಮೇಲಣ ಭೇದವು ಕೇವಲ ತರ್ಕದ್ದಲ್ಲ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ 1831ರಲ್ಲಿ ಪೂರ್ಣಗೊಂಡ ಕನ್ನಡ ಬೈಬಲ್ ಮುಂದೆ ‘ಸತ್ಯವೇದ’ವೆಂದು ರೂಢಿಗೆ ಬಂತು. ಮರಾಠಿಯಲ್ಲಿ ಅದು ‘ಪವಿತ್ರ ಶಾಸ್ತ್ರ’, ತೆಲುಗಿನಲ್ಲಿ ‘ಪರಿಶುದ್ಧ ಗ್ರಂಥಮು’, ಉರ್ದುವಿನಲ್ಲಿ ‘ಕಿತಾಬೆ ಮುಕದ್ದಸ್’. ಮೂವರು ಪಾವಿತ್ರ್ಯವನ್ನು ಹೇಳಿದರೆ ಕನ್ನಡವು ಸತ್ಯವನ್ನೂ ವೇದತ್ವವನ್ನೂ ಹೆಸರಿಗೇ ಏರಿಸಿತು. ವೇದವೆಂದೊಡನೆ ಮೀಮಾಂಸಕರ ಸ್ವತಃಪ್ರಾಮಾಣ್ಯವು ನೆನಪಾಗುವುದು ಸಹಜ. ಆದರೆ ವೈದಿಕರು ಸ್ವರಾಕ್ಷರಗಳನ್ನು ಬಾಯಿಂದ ಬಾಯಿಗೆ ಕಾಪಾಡಿದರು. ಹಾಜ್ ಮತ್ತು ವಾರ್ಫೀಲ್ಡ್ ಎಂಬ ಪಂಡಿತರು 1881ರಲ್ಲಿ ಪ್ರತಿಪಾದಿಸಿದ ದೋಷರಾಹಿತ್ಯವಾದರೋ ಮೂಲ ಲೇಖಕರ ಹಸ್ತಪ್ರತಿಗೆ ಸಲ್ಲುವುದು, ಆ ಪ್ರತಿಗಳಲ್ಲಿ ಒಂದೂ ಉಳಿದಿಲ್ಲ. ಪರ್ಯಾಪ್ತತೆಯ ವಿಧಿಗೆ ಈ ತೊಡಕಿಲ್ಲ. ಭಾಲ್ಕಿಯ ಕನ್ನಡ ಪ್ರತಿಗೂ ಔರಾದದ ಮರಾಠಿ ಪ್ರತಿಗೂ ಪದವೊಂದು ಹೊಂದದಿದ್ದರೂ, ಆ ವಿಧಿಯ ಪ್ರಕಾರ ಎರಡೂ ರಕ್ಷಣೆಗೆ ಸಾಲುತ್ತವೆ.