ಅಂಕಗಣಿತದ ಪರೀಕ್ಷೆಯೂ ಸರಕಾರದ ಸಹಾಯಧನವೂ

ವಿದ್ಯೆಯನ್ನು ಅಳೆಯಬಹುದೇ ಎಂಬ ಪ್ರಶ್ನೆಯನ್ನು ಎಲ್ಲ ದೇಶಗಳ ವಿಚಾರಶೀಲರೂ ಬಗೆಬಗೆಯಾಗಿ ಚರ್ಚಿಸಿರುವರು. ಕಾವ್ಯದ ರಸಾಸ್ವಾದವನ್ನಾಗಲಿ ನಡತೆಯ ಸೌಜನ್ಯವನ್ನಾಗಲಿ ಅಳೆಯಲು ಯಾವ ಕೊಳಗವೂ ಇಲ್ಲವೆಂದು ಒಪ್ಪುವವರು ಕೂಡ ಗಣಿತದ ಮಾತು ಬಂದೊಡನೆ ಬೇರೆ ನ್ಯಾಯವನ್ನು ಹಿಡಿಯುತ್ತಾರೆ. ಲೆಕ್ಕವು ಸರಿಯಾಗಿರಬೇಕು, ಇಲ್ಲವೆ ತಪ್ಪಾಗಿರಬೇಕು, ನಡುವೆ ಮೂರನೆಯದಿಲ್ಲ. ಆದುದರಿಂದ ಒಂದೇ ಮಟ್ಟದ ಲೆಕ್ಕಗಳನ್ನು ದೇಶದ ಎಲ್ಲ ಮಕ್ಕಳ ಮುಂದೆಯೂ ಇರಿಸಿದರೆ ಯಾರು ಕಲಿತರು, ಯಾರು ಕಲಿಯಲಿಲ್ಲ, ಯಾವ ಉಪಾಧ್ಯಾಯನು ದುಡಿದನು, ಯಾವನು ಮೈಗಳ್ಳನಾದನು ಎಂಬುದೆಲ್ಲವೂ ಕನ್ನಡಿಯಲ್ಲಿ ಕಂಡಂತೆ ಕಾಣುವುದೆಂಬ ನಂಬಿಕೆ ಹುಟ್ಟುವುದು ಸಹಜವೇ. ಈ ನಂಬಿಕೆಯನ್ನು ಇಂಗ್ಲೆಂಡು ದೇಶವು ಸುಮಾರು ಮೂವತ್ತು ವರ್ಷಗಳ ಕಾಲ ಆಚರಣೆಯಲ್ಲಿಟ್ಟು ನೋಡಿತು. ಆ ಪ್ರಯೋಗದ ಬಿಸಿ ನಮ್ಮ ನಾಡಿನ ಶಾಲೆಗಳಿಗೂ ತಟ್ಟಿತು. ಆದಕಾರಣ ಅದರ ಚರಿತ್ರೆಯನ್ನು ಸಂಗ್ರಹವಾಗಿ ವಾಚಕರ ಮುಂದಿಡುವುದು ಅಪ್ರಸ್ತುತವಾಗಲಾರದು.

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಇಂಗ್ಲೆಂಡಿನ ಬಡವರ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದವರು ಮುಖ್ಯವಾಗಿ ಧರ್ಮಸಂಸ್ಥೆಗಳವರು. ಸರಕಾರವು 1833ರಲ್ಲಿ ಮೊದಲ ಬಾರಿಗೆ 20,000 ಪೌಂಡುಗಳನ್ನು ಶಾಲೆಗಳ ಕಟ್ಟಡಕ್ಕೆಂದು ಕೊಟ್ಟಿತು. ಈ ವೆಚ್ಚವು ವರ್ಷದಿಂದ ವರ್ಷಕ್ಕೆ ಬೆಳೆದು 1861ರ ಹೊತ್ತಿಗೆ ಎಂಟು ಲಕ್ಷ ಪೌಂಡುಗಳನ್ನು ಮೀರಿತು. ಇಷ್ಟು ಹಣಕ್ಕೆ ತಕ್ಕ ಫಲವು ದೊರೆಯುತ್ತಿದೆಯೇ ಎಂದು ವಿಚಾರಿಸಲು 1858ರಲ್ಲಿ ನ್ಯೂಕ್ಯಾಸಲ್ ಡ್ಯೂಕನ ಅಧ್ಯಕ್ಷತೆಯಲ್ಲಿ ಒಂದು ವಿಚಾರಣಾ ಮಂಡಲಿಯು ನೇಮಕವಾಯಿತು. 1861ರಲ್ಲಿ ಹೊರಬಿದ್ದ ಅದರ ವರದಿಯಲ್ಲಿ ಒಂದು ಕಟುಸತ್ಯವಿದ್ದಿತು. ಉಪಾಧ್ಯಾಯರು ಮೇಲಿನ ತರಗತಿಯ ಕೆಲವೇ ಜಾಣ ಮಕ್ಕಳ ಕಡೆಗೆ ಗಮನವಿಟ್ಟು, ಕೆಳಗಿನ ತರಗತಿಗಳ ಬಹುಸಂಖ್ಯಾತರನ್ನು ಅಲಕ್ಷಿಸುತ್ತಿದ್ದರು. ಕೂಲಿಗಾರರ ಮಕ್ಕಳು ಹತ್ತು ಹನ್ನೊಂದು ವಯಸ್ಸಿಗೇ ಶಾಲೆಯನ್ನು ಬಿಟ್ಟು ದುಡಿಮೆಗೆ ಹೋಗುತ್ತಿದ್ದುದರಿಂದ ಓದು, ಬರಹ, ಲೆಕ್ಕ ಈ ಮೂರೂ ಅವರಲ್ಲಿ ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ. ಮುಂದೆ ನಡೆದುದನ್ನು ಟೀಕಿಸುವವರು ಈ ಸಂಗತಿಯನ್ನು ಮರೆಯಲಾಗದು. ರೋಗವು ಇದ್ದದ್ದು ನಿಜ. ಚರ್ಚೆಯಿರುವುದು ಔಷಧವನ್ನು ಕುರಿತು.

ಆ ಔಷಧವನ್ನು ಕಲ್ಪಿಸಿದವನು ಆಗ ವಿದ್ಯಾಭ್ಯಾಸದ ಆಡಳಿತವನ್ನು ವಹಿಸಿದ್ದ ರಾಬರ್ಟ್ ಲೋ ಎಂಬ ರಾಜಕಾರಣಿ. ಈತನು ಯೌವನದಲ್ಲಿ ಆಕ್ಸ್‌ಫರ್ಡಿನಲ್ಲಿ ವಿದ್ಯಾರ್ಥಿಗಳನ್ನು ಪರೀಕ್ಷೆಗಳಿಗೆ ಸಿದ್ಧಪಡಿಸುವ ಖಾಸಗಿ ಪಾಠದ ವೃತ್ತಿಯಲ್ಲಿದ್ದವನೆಂಬುದು ಗಮನಾರ್ಹವಾಗಿದೆ. ಹೊಸ ಪದ್ಧತಿಯು ಅಗ್ಗವಾಗದಿದ್ದರೆ ಸಮರ್ಥವಾಗುವುದು, ಸಮರ್ಥವಾಗದಿದ್ದರೆ ಅಗ್ಗವಾಗುವುದು ಎಂಬರ್ಥದ ಮಾತನ್ನು ಆತನು ಪಾರ್ಲಿಮೆಂಟಿನಲ್ಲಿ ಆಡಿದನು. ಅಂಗಡಿಯಲ್ಲಿ ಸರಕನ್ನು ನೋಡಿ ಹಣ ಕೊಡುವಂತೆ ಶಾಲೆಗೂ ಫಲವನ್ನು ನೋಡಿಯೇ ಹಣ ಕೊಡಬೇಕೆಂಬುದು ಆತನ ಮತ.

ಇದರಂತೆ 1862ರಲ್ಲಿ ಪರಿಷ್ಕೃತ ನಿಯಮಾವಳಿಯು ಜಾರಿಗೆ ಬಂದಿತು. ಅದರ ಲೆಕ್ಕಾಚಾರವು ಬಹು ಸರಳವಾದುದು. ಸರಾಸರಿ ಹಾಜರಿಯ ಮೇಲೆ ತಲೆಗೆ 4 ಶಿಲಿಂಗು. ಇನ್ನೂರಕ್ಕೂ ಹೆಚ್ಚು ಹಾಜರಿಗಳಿದ್ದ ಪ್ರತಿಯೊಬ್ಬ ಬಾಲಕನಿಗೆ ಮತ್ತೆ 8 ಶಿಲಿಂಗು. ಆದರೆ ಸರಕಾರದ ಇನ್‌ಸ್ಪೆಕ್ಟರು ಬಂದು ಪರೀಕ್ಷಿಸುವಾಗ ಆ ಬಾಲಕನು ಓದಿನಲ್ಲಿ ತಪ್ಪಿದರೆ 2 ಶಿಲಿಂಗು 8 ಪೆನ್ಸು, ಬರಹದಲ್ಲಿ ತಪ್ಪಿದರೆ ಅಷ್ಟೇ, ಅಂಕಗಣಿತದಲ್ಲಿ ತಪ್ಪಿದರೆ ಮತ್ತಷ್ಟೇ ಹಣವನ್ನು ಕಳೆಯತಕ್ಕದ್ದು. ಹನ್ನೆರಡು ಪೆನ್ಸಿಗೆ ಒಂದು ಶಿಲಿಂಗಾದ್ದರಿಂದ ಮೂರರಲ್ಲಿಯೂ ಸೋತ ಮಗುವಿನ 8 ಶಿಲಿಂಗು ಪೂರ್ತಿಯಾಗಿ ಹೋದಂತಾಯಿತು. ನೂರು ಮಕ್ಕಳೂ ಹಾಜರಿಯ ನಿಯಮವನ್ನು ಪೂರೈಸಿದ ಒಂದು ಶಾಲೆಯನ್ನು ಭಾವಿಸೋಣ. ಎಲ್ಲರೂ ಗೆದ್ದರೆ ಅದಕ್ಕೆ 60 ಪೌಂಡು ದೊರೆಯುವುದು. ಮೂವತ್ತು ಮಕ್ಕಳು ಲೆಕ್ಕವೊಂದರಲ್ಲಿಯೇ ತಪ್ಪಿದರೂ 4 ಪೌಂಡು ನಷ್ಟ. ಮೊದಲು ಸರಕಾರದಿಂದ ನೇರವಾಗಿ ಭತ್ಯವನ್ನು ಪಡೆಯುತ್ತಿದ್ದ ಉಪಾಧ್ಯಾಯನು ಈಗ ಶಾಲೆಯ ಆಡಳಿತಗಾರರೊಡನೆ ಸಂಬಳದ ಮಾತಾಡಬೇಕಾಯಿತು. ಎಷ್ಟೋ ಕಡೆ ಆತನ ಸಂಬಳದ ಒಂದು ಭಾಗವು ಈ ಸಹಾಯಧನದ ಮೇಲೆಯೇ ನಿಂತಿತು. ಮಗುವಿನ ಹಲಗೆಯ ಮೇಲಿನ ಒಂದು ಅಂಕೆಯು ಉಪಾಧ್ಯಾಯನ ಮನೆಯ ಒಲೆಯವರೆಗೂ ಮುಟ್ಟುವಂತಾಯಿತು.

ಅಂಕಗಣಿತಕ್ಕೆ ಆರು ಮಟ್ಟಗಳು ಗೊತ್ತಾದವು. ಮೊದಲನೆಯದರಲ್ಲಿ ಇಪ್ಪತ್ತರವರೆಗಿನ ಅಂಕೆಗಳನ್ನು ಬರೆಯುವುದು, ಗುರುತಿಸುವುದು, ಹತ್ತರವರೆಗಿನವನ್ನು ಬಾಯಲ್ಲಿಯೇ ಕೂಡಿ ಕಳೆಯುವುದು. ಎರಡನೆಯದರಲ್ಲಿ ಸಂಕಲನ ಅಥವಾ ವ್ಯವಕಲನದ ಒಂದು ಲೆಕ್ಕ, ಜೊತೆಗೆ ಮಗ್ಗಿ. ಮೂರನೆಯದರಲ್ಲಿ ಕಿರುಭಾಗಾಕಾರದವರೆಗೆ ಯಾವುದಾದರೊಂದು. ನಾಲ್ಕನೆಯದರಲ್ಲಿ ಪೌಂಡು, ಶಿಲಿಂಗು, ಪೆನ್ಸುಗಳ ಮಿಶ್ರ ಲೆಕ್ಕ. ಐದನೆಯದರಲ್ಲಿ ತೂಕ ಅಳತೆಗಳ ಲೆಕ್ಕ. ಆರನೆಯದರಲ್ಲಿ ಅಂಗಡಿಯ ಬೆಲೆಪಟ್ಟಿಯಂತಹ ವ್ಯಾಪಾರದ ಲೆಕ್ಕ. ಬಡ ಮಗುವಿಗೆ ಇಷ್ಟು ಬಂದರೆ ಅದು ಸಾಮಾನ್ಯ ಲಾಭವೇನೂ ಅಲ್ಲ. ಕಾಗದದ ಮೇಲೆ ಈ ಪಟ್ಟಿಯಲ್ಲಿ ದೋಷವನ್ನು ಹುಡುಕುವುದು ಕಷ್ಟ.

ದೋಷವು ಕಂಡುಬಂದುದು ಶಾಲೆಯ ಕೊಠಡಿಯಲ್ಲಿ. ವರ್ಷದ ದುಡಿಮೆಯೆಲ್ಲವೂ ಇನ್‌ಸ್ಪೆಕ್ಟರು ಬರುವ ಒಂದು ದಿನದ ಕಡೆಗೆ ಮುಖ ಮಾಡಿ ನಿಂತಿತು. ಎಲ್ಲಿ ಯಾವ ಬಗೆಯ ಲೆಕ್ಕವನ್ನು ಕೇಳುವರೋ ಆ ಬಗೆಯದನ್ನೇ ನೂರಾರು ಸಲ ಮಾಡಿಸುವುದು ಪಾಠವಾಯಿತು. ಏಕೆ ಹಾಗೆ ಮಾಡಬೇಕೆಂಬುದನ್ನು ತಿಳಿಸಲು ಬಿಡುವಿರಲಿಲ್ಲ. ತಿಳಿಸಿದರೆ ಅದಕ್ಕೆ ಪೆನ್ಸು ಹುಟ್ಟುತ್ತಲೂ ಇರಲಿಲ್ಲ. ಹೇಗಿದ್ದರೂ ಗೆಲ್ಲುವ ಜಾಣ ಮಗುವಿಗೆ ಹೆಚ್ಚು ಕಲಿಸಿದರೆ ಲಾಭವಿಲ್ಲ; ಏನು ಮಾಡಿದರೂ ಗೆಲ್ಲದ ಮಂದಮತಿಗೆ ಕಲಿಸಿದರೂ ಲಾಭವಿಲ್ಲ; ಅಂಚಿನಲ್ಲಿರುವವರನ್ನು ತಿಕ್ಕಿ ತೀಡುವುದೇ ಬುದ್ಧಿವಂತಿಕೆಯೆನಿಸಿತು. ಚರಿತ್ರೆ, ಭೂಗೋಳ ಮೊದಲಾದ ವಿಷಯಗಳು ಹಿಂದೆ ಸರಿದವು. ಅವನ್ನು ಉಳಿಸಲು 1867ರಲ್ಲಿ ಅವಕ್ಕೂ ಪ್ರತ್ಯೇಕ ಸಹಾಯಧನವನ್ನು ಗೊತ್ತುಮಾಡಬೇಕಾಯಿತು. ಇಷ್ಟು ಮಾಡಿಯೂ ಮೂರು ಮೂಲ ವಿಷಯಗಳಲ್ಲಿ ಹೆಚ್ಚು ಮಕ್ಕಳು ಸೋಲುತ್ತಿದ್ದುದು ಅಂಕಗಣಿತದಲ್ಲಿಯೇ. ಓದಿನ ಪುಸ್ತಕವನ್ನು ಉರು ಹೊಡೆಯಬಹುದು; ಹೊಸ ಅಂಕೆಗಳಿಂದ ಕೂಡಿದ ಲೆಕ್ಕವನ್ನು ಉರು ಹೊಡೆಯುವ ಬಗೆ ಯಾರಿಗೂ ತಿಳಿಯದು.

ಈ ಪದ್ಧತಿಯ ಪ್ರಬಲ ಟೀಕಾಕಾರನು ಅದರ ಒಳಗೇ ಇದ್ದನು. ಕವಿಯೂ ವಿಮರ್ಶಕನೂ ಆಗಿ ನಮ್ಮ ವಿದ್ಯಾವಂತರಿಗೆ ಪರಿಚಿತನಾದ ಮ್ಯಾಥ್ಯೂ ಆರ್ನಲ್ಡನು 1851ರಿಂದ 1886ರವರೆಗೆ ಶಾಲೆಗಳ ಇನ್‌ಸ್ಪೆಕ್ಟರಾಗಿ ದುಡಿದವನು. ನಿಯಮಾವಳಿಯು ಚರ್ಚೆಯಲ್ಲಿದ್ದಾಗಲೇ, 1862ರಲ್ಲಿ, ತನ್ನ ಮೇಲಧಿಕಾರಿಗಳ ಅಭಿಪ್ರಾಯಕ್ಕೆ ವಿರುದ್ಧವಾಗಿ ಲೇಖನವನ್ನು ಬರೆದನು. ಮುಂದಿನ ವರದಿಗಳಲ್ಲಿಯೂ ಆತನು ಸುಮ್ಮನಿರಲಿಲ್ಲ. ಪಾಠಕ್ರಮವು ಯಾಂತ್ರಿಕವಾಗಿದೆ, ಬುದ್ಧಿಯ ಚಟುವಟಿಕೆಯು ಕುಂದಿದೆ, ಜಾಣತನದಿಂದ ಸಿದ್ಧಗೊಳಿಸಿದರೆ ಓದು ಬರಹ ಲೆಕ್ಕಗಳು ನಿಜವಾಗಿ ಬಾರದ ಮಗುವನ್ನೂ ಪರೀಕ್ಷೆಯಲ್ಲಿ ದಾಟಿಸಬಹುದಾಗಿದೆ ಎಂಬುದು ಆತನ ಸಾಕ್ಷ್ಯದ ಸಾರ. ಇದಕ್ಕಿಂತ ಕಠಿಣವಾದ ತೀರ್ಪು ಬೇರೆ ಬೇಕೇ? ವಿದ್ಯೆಯನ್ನು ಅಳೆಯಲೆಂದು ಮಾಡಿದ ಕೋಲು ಕೋಲಿಗೆ ತಕ್ಕ ವಿದ್ಯೆಯನ್ನು ಹುಟ್ಟಿಸಿಕೊಂಡು, ಕೊನೆಗೆ ತನ್ನ ಉದ್ದವನ್ನು ತಾನೇ ಅಳೆಯುತ್ತಿತ್ತು.

ಖಜಾನೆಗೆ ಮಾತ್ರ ಲಾಭವಾಯಿತು. 1861ರಲ್ಲಿ 8,13,441 ಪೌಂಡುಗಳಿದ್ದ ಸಹಾಯಧನವು 1865ರಲ್ಲಿ 6,36,806 ಪೌಂಡುಗಳಿಗೆ ಇಳಿಯಿತು. ಅಗ್ಗವಾಗುವುದೆಂಬ ಮಾತಾದರೂ ನಿಜವಾಯಿತೆಂದು ಹೇಳಬೇಕು. ಲೋ ಮಹಾಶಯನು ಈ ಇಳಿತವು ಪೂರ್ಣವಾಗುವುದಕ್ಕೆ ಮೊದಲೇ, 1864ರಲ್ಲಿ, ಇನ್‌ಸ್ಪೆಕ್ಟರುಗಳ ವರದಿಗಳನ್ನು ತಿದ್ದಿ ಮೊಟಕುಗೊಳಿಸಲಾಗಿದೆಯೆಂಬ ಆಪಾದನೆಯು ಪಾರ್ಲಿಮೆಂಟಿನಲ್ಲಿ ಎದ್ದುದರಿಂದ ಅಧಿಕಾರವನ್ನು ಬಿಟ್ಟನು. ವಿಚಾರಣೆಯಲ್ಲಿ ಆತನು ನಿರ್ದೋಷಿಯೆಂದು ಗೊತ್ತಾಯಿತಾದರೂ ಆ ಪದವಿಗೆ ಮರಳಲಿಲ್ಲ. ಆತನು ಹೋದನು, ಪದ್ಧತಿಯು ಉಳಿಯಿತು.

ಅದು ಸಮುದ್ರವನ್ನೂ ದಾಟಿತು. 1854ರ ವುಡ್ ಪತ್ರದಿಂದ ಹಿಂದೂಸ್ಥಾನದಲ್ಲಿ ಖಾಸಗಿ ಶಾಲೆಗಳಿಗೆ ಸಹಾಯಧನವನ್ನು ಕೊಡುವ ನೀತಿಯು ಮೊದಲಾಗಿದ್ದಿತು. 1860ರ ದಶಕದಲ್ಲಿ ಮುಂಬಯಿ, ಮದರಾಸು ಈ ಎರಡು ಆಧಿಪತ್ಯಗಳಲ್ಲಿಯೂ ಪರೀಕ್ಷೆಯ ಫಲವನ್ನು ನೋಡಿ ಹಣ ಕೊಡುವ ಕ್ರಮವು ಬಳಕೆಗೆ ಬಂದಿತು. ಧಾರವಾಡ, ಬೆಳಗಾವಿಗಳು ಮುಂಬಯಿಗೂ, ಬಳ್ಳಾರಿ, ಮಂಗಳೂರುಗಳು ಮದರಾಸಿಗೂ ಸೇರಿದ್ದ ಕಾಲವದು. ಹಂಟರ್ ಮಂಡಲಿಯು 1882ರಲ್ಲಿ ನೇಮಕವಾಗಿ, ಪ್ರಾಥಮಿಕ ಶಾಲೆಗಳಿಗೆ ಈ ಕ್ರಮವನ್ನೇ ಶಿಫಾರಸು ಮಾಡಿತು. ಇಂಗ್ಲೆಂಡಿನಲ್ಲಿ ಇದರ ಕಹಿ ಅನುಭವವು ಇಪ್ಪತ್ತು ವರ್ಷಗಳಷ್ಟು ಹಳೆಯದಾಗಿದ್ದ ಕಾಲದಲ್ಲಿ ಇದು ನಡೆಯಿತೆಂಬುದು ಚಿಂತನೀಯ.

ನಮ್ಮ ಹಳ್ಳಿಗಳ ಕೂಲಿಮಠಗಳಲ್ಲಿಯೂ ಬಾಯಿಪಾಠವೇ ಮುಖ್ಯವಾಗಿದ್ದಿತು. ಮರಳಿನ ಮೇಲೆ ಅಂಕೆಗಳನ್ನು ತಿದ್ದಿ, ಕಾಲು, ಅರೆ, ಮುಕ್ಕಾಲುಗಳ ಮಗ್ಗಿಗಳನ್ನು ಒಕ್ಕೊರಲಿನಿಂದ ಹೇಳಿ ಮಕ್ಕಳು ಲೆಕ್ಕವನ್ನು ಕಲಿಯುತ್ತಿದ್ದರು. ಎಷ್ಟೋ ಜಾತಿಗಳ ಮಕ್ಕಳಿಗೂ ಬಹುಮಟ್ಟಿಗೆ ಹೆಣ್ಣುಮಕ್ಕಳಿಗೂ ಆ ಬಾಗಿಲು ಮುಚ್ಚಿದ್ದಿತಾದುದರಿಂದ ಅದನ್ನು ಹೊಗಳಿ ಹಾಡುವುದು ತರವಲ್ಲ. ಆದರೆ ಒಂದು ಭೇದವನ್ನು ಕಾಣಬೇಕು. ಅಲ್ಲಿ ಕಲಿತ ಮಗ್ಗಿಯ ಪರೀಕ್ಷೆಯು ಸಂತೆಯಲ್ಲಿ, ಅಂಗಡಿಯಲ್ಲಿ, ಕಣದ ರಾಶಿಯ ಮುಂದೆ ನಡೆಯುತ್ತಿದ್ದಿತು. ಬಾಯಿಪಾಠವು ಬಳಕೆಗೆ ಮೆಟ್ಟಿಲಾಗಿದ್ದಿತು. ಫಲಾನುಸಾರ ಪದ್ಧತಿಯಲ್ಲಿ ಬಾಯಿಪಾಠವು ವರದಿಯ ಕಾಗದದಲ್ಲಿಯೇ ಕೊನೆಗಾಣುತ್ತಿದ್ದಿತು.

ಇಂಗ್ಲೆಂಡಿನಲ್ಲಿ 1886ರಲ್ಲಿ ಕೂಡಿದ ಕ್ರಾಸ್ ಮಂಡಲಿಯು 1888ರ ವರದಿಯಲ್ಲಿ ಪದ್ಧತಿಯನ್ನು ಸಡಿಲಿಸಬೇಕೆಂದಿತು. 1890ರ ನಿಯಮಾವಳಿಯು ತಲೆಯೆಣಿಕೆಯ ಪರೀಕ್ಷೆಯನ್ನು ಬಹುಮಟ್ಟಿಗೆ ಕೈಬಿಟ್ಟಿತು. ಶತಮಾನವು ಮುಗಿಯುವ ಮೊದಲೇ ಉಳಿದುದೂ ಅಳಿಯಿತು. ಹಿಂದೂಸ್ಥಾನದಲ್ಲಿ ಕರ್ಜನ್ ಸರಕಾರದ 1904ರ ನಿರ್ಣಯವು ಇದಕ್ಕೆ ಮಂಗಳ ಹಾಡಿತು. ಆದರೆ ರೂಢಿಯು ನಿಯಮಕ್ಕಿಂತ ದೀರ್ಘಾಯುಷಿ. ಇನ್‌ಸ್ಪೆಕ್ಟರುಗಳ ಮುಖ್ಯಸ್ಥನಾಗಿದ್ದು ನಿವೃತ್ತನಾದ ಎಡ್ಮಂಡ್ ಹೋಮ್ಸ್ ಎಂಬಾತನು 1911ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆ ಕಾಲದಲ್ಲಿ ತರಬೇತಾದ ಉಪಾಧ್ಯಾಯರಿಗೆ ಬೇರೆ ರೀತಿಯಲ್ಲಿ ಕಲಿಸುವ ಬಗೆಯೇ ಮರೆತುಹೋಗಿದೆಯೆಂದು ವ್ಯಸನಪಟ್ಟನು. ಬೇಡಿಯನ್ನು ಬಿಚ್ಚಿದ ಮೇಲೂ ನಡಿಗೆಯು ಬೇಡಿಯ ನಡಿಗೆಯಾಗಿಯೇ ಉಳಿದಿದ್ದಿತು.

ಹಾಗಾದರೆ ಏಕರೂಪವಾದ ಪರೀಕ್ಷೆಯೇ ಬೇಡವೇ? ಈ ಚರಿತ್ರೆಯು ಹಾಗೆ ಹೇಳುವುದಿಲ್ಲ. ಕೆಳಗಿನ ತರಗತಿಯ ಬಡ ಮಗುವಿಗೆ ಲೆಕ್ಕ ಬಾರದೆಂಬುದು ನ್ಯೂಕ್ಯಾಸಲ್ ಮಂಡಲಿಗೆ ತಿಳಿದುಬಂದುದು ಯಾರೋ ಹೋಗಿ ನೋಡಿದುದರಿಂದಲೇ. ನೋಡದೆ ಇದ್ದರೆ ಅಲಕ್ಷಿತನಾದವನು ಅಲಕ್ಷಿತನಾಗಿಯೇ ಉಳಿಯುತ್ತಾನೆ. ವೈದ್ಯನು ನಾಡಿ ಹಿಡಿಯುವುದು ತಪ್ಪಲ್ಲ. ನಾಡಿಯ ಬಡಿತವೊಂದಕ್ಕೆ ಇಷ್ಟು ಕಾಸೆಂದು ಗೊತ್ತುಮಾಡಿದರೆ ರೋಗಿಯನ್ನು ಓಡಿಸಿ ನಾಡಿಯನ್ನು ಬಡಿಸುವವರು ಹುಟ್ಟಿಕೊಳ್ಳುತ್ತಾರೆ. ಪರೀಕ್ಷೆಯು ತಿಳಿವಿನ ಸಾಧನವಾಗಿರುವವರೆಗೆ ಮಿತ್ರ. ಅನ್ನದ ಸಾಧನವಾದೊಡನೆ ಕಲಿಸುವವನನ್ನೂ ಕಲಿಯುವವನನ್ನೂ ಕೆಡಿಸುತ್ತದೆ.

ಈ ಪ್ರಶ್ನೆಯು ಹಳೆಯದಾಗಿಲ್ಲ. ಅದೇ ಇಂಗ್ಲೆಂಡಿನಲ್ಲಿ 2022ರಿಂದ ನಾಲ್ಕನೆಯ ವರ್ಷದ ಮಕ್ಕಳಿಗೆಲ್ಲ ಮಗ್ಗಿಯ ಪರೀಕ್ಷೆಯು ಕಡ್ಡಾಯವಾಗಿದೆ. ಇಪ್ಪತ್ತೈದು ಪ್ರಶ್ನೆಗಳು, ಒಂದೊಂದಕ್ಕೆ ಆರು ಸೆಕೆಂಡುಗಳ ಕಾಲಾವಕಾಶ. ಲೋ ಮಹಾಶಯನ ಎರಡನೆಯ ಮಟ್ಟದ ಮಗ್ಗಿಯೇ ಇಲ್ಲಿ ಯಂತ್ರವನ್ನೇರಿ ಮರಳಿ ಬಂದಿದೆ. ಆದರೆ ಅದರ ಮೇಲೆ ಶಿಲಿಂಗುಗಳ ಬೆಲೆಚೀಟಿಯಿಲ್ಲ; ಆ ಭೇದವು ದೊಡ್ಡದು. ನಮ್ಮ ನಾಡಿನಲ್ಲಿಯೂ ಮನೆಮನೆಯಲ್ಲಿ ಮಕ್ಕಳು ಒಂದಿಲ್ಲೊಂದು ಗಣಿತದ ಪರೀಕ್ಷೆಗೆ ಸಿದ್ಧರಾಗುತ್ತಲೇ ಇರುತ್ತಾರೆ. ಸಹಾಯಧನವನ್ನು ಕಳೆಯುವ ಇನ್‌ಸ್ಪೆಕ್ಟರು ಇಂದು ಇಲ್ಲದಿದ್ದರೂ, ಅಂಕಗಳನ್ನು ನೋಡಿಯೇ ಮಗುವಿನ ಮೇಲಣ ಪ್ರೀತಿಯನ್ನು ಕೂಡಿ ಕಳೆಯುವ ಹಿರಿಯರು ಇದ್ದರೆ ಪದ್ಧತಿಯು ಮನೆಯೊಳಗೇ ಬದುಕಿದೆಯೆಂದು ತಿಳಿಯಬೇಕು. ಮಗುವು ಲೆಕ್ಕವನ್ನು ಮಾಡಿ ತಂದಾಗ ಉತ್ತರವು ಸರಿಯೇ ಎಂದು ನೋಡುವುದು ಆವಶ್ಯಕ. ಹೇಗೆ ಬಂದಿತೆಂದು ಕೇಳುವುದು ಇನ್ನೂ ಆವಶ್ಯಕ. ಮೂವತ್ತು ವರ್ಷಗಳ ಕಾಲ ಒಂದು ದೇಶದ ಬಡ ಮಕ್ಕಳಿಗೆ ದೊರೆಯದೆ ಹೋದುದು ಈ ಎರಡನೆಯ ಪ್ರಶ್ನೆಯೇ.