ತೊಳೆದು ಮತ್ತೆ ಬಳಸುವ ಏರ್ ಫಿಲ್ಟರ್: ಹೊಲದಿಂದ ರೇಸಿಗೆ, ರೇಸಿನಿಂದ ರಸ್ತೆಗೆ

ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಬೇಕಾದರೆ ಎಂಜಿನ್ ಸುಮಾರು 9,000 ಲೀಟರ್ ಗಾಳಿಯನ್ನು ಒಳಗೆಳೆದುಕೊಳ್ಳಬೇಕು. ಆ ಗಾಳಿಯ ಜತೆಗೆ ರಸ್ತೆಯ ಧೂಳೂ ಬರುತ್ತದೆ. ಧೂಳಿನಲ್ಲಿ ಹೆಚ್ಚಾಗಿರುವ ಸಿಲಿಕಾ ಹರಳುಗಳು ಎರಕದ ಕಬ್ಬಿಣಕ್ಕಿಂತ ಗಡುಸು. ಅವು ಪಿಸ್ಟನ್ ರಿಂಗ್ ಮತ್ತು ಸಿಲಿಂಡರ್ ಗೋಡೆಯ ನಡುವೆ ಸೇರಿ, ಆಯಿಲ್‌ನೊಂದಿಗೆ ಬೆರೆತು, ಲೋಹವನ್ನು ದಿನದಿನವೂ ಅರೆಯುತ್ತವೆ. ಕಣ್ಣಿಗೆ ಕಾಣುವ ಮರಳಿಗಿಂತ ಕಣ್ಣಿಗೆ ಬೀಳದ, 5ರಿಂದ 20 ಮೈಕ್ರಾನ್ ಗಾತ್ರದ ಕಣಗಳೇ ಹೆಚ್ಚು ಅಪಾಯಕಾರಿ. ಬೇರಿಂಗ್ ಮತ್ತು ರಿಂಗ್‌ಗಳಲ್ಲಿ ಆಯಿಲ್ ಪದರ ಇರುವ ಸಂದು ಹೆಚ್ಚುಕಡಿಮೆ ಅಷ್ಟೇ ಅಗಲದ್ದು. ಏರ್ ಫಿಲ್ಟರ್ ಈ ಕಣಗಳನ್ನು ತಡೆಯಬೇಕು, ಗಾಳಿಯನ್ನು ಮಾತ್ರ ತಡೆಯಬಾರದು, ಹಿಡಿದ ಧೂಳನ್ನು ಬಹುಕಾಲ ಹೊತ್ತುಕೊಂಡೂ ಇರಬೇಕು. ಮೂರನ್ನೂ ಒಟ್ಟಿಗೆ ಪೂರ್ತಿಯಾಗಿ ಸಾಧಿಸಿದ ಫಿಲ್ಟರ್ ಇದುವರೆಗೆ ಬಂದಿಲ್ಲ. ಪ್ರತಿ ಕಾಲದ ಫಿಲ್ಟರ್ ಒಂದನ್ನು ಗಳಿಸಲು ಇನ್ನೊಂದನ್ನು ಅಷ್ಟಿಷ್ಟು ಬಿಟ್ಟುಕೊಟ್ಟಿದೆ. ತೊಳೆದು ಮತ್ತೆ ಬಳಸುವ ಫಿಲ್ಟರ್ ಕೊಳ್ಳುವುದು ಲಾಭವೇ ಎಂಬ ಪ್ರಶ್ನೆಗೆ ಉತ್ತರವೂ ಈ ಕೊಡುಕೊಳ್ಳುವಿಕೆಯ ಚರಿತ್ರೆಯಲ್ಲೇ ಇದೆ.

ಮೊದಮೊದಲ ಕಾರುಗಳಿಗೆ ಫಿಲ್ಟರೇ ಇರಲಿಲ್ಲ. 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನ ಕಾರ್ಬುರೇಟರ್ ಬಾಯಿ ತೆರೆದುಕೊಂಡೇ ಕಾರ್ಖಾನೆಯಿಂದ ಹೊರಬರುತ್ತಿತ್ತು. ಬೇಕೆಂದವರು ಹೊರಗಿನ ಅಂಗಡಿಯಿಂದ ಫಿಲ್ಟರ್ ತಂದು ಹಾಕಿಸಿಕೊಳ್ಳುತ್ತಿದ್ದರು. ಆಗಿನ ಎಂಜಿನ್‌ಗಳ ವೇಗ ಕಡಿಮೆ, ಬಿಚ್ಚಿ ಜೋಡಿಸುವುದು ಸುಲಭ. ರಿಂಗ್ ಬದಲಿಸುವುದು, ವಾಲ್ವ್ ಅರೆಸುವುದು ಕಾರಿನ ಒಡೆಯರಿಗೆಲ್ಲ ಗೊತ್ತಿದ್ದ ಮಾಮೂಲಿ ಖರ್ಚು. ಹಾಗಾಗಿ ಧೂಳಿನ ಸವೆತವನ್ನು ಯಾರೂ ಬೇರೆಯಾಗಿ ಲೆಕ್ಕ ಹಾಕುತ್ತಿರಲಿಲ್ಲ.

ಲೆಕ್ಕ ಹಾಕಲೇಬೇಕಾದ ಪರಿಸ್ಥಿತಿ ಬಂದದ್ದು ಟ್ರ್ಯಾಕ್ಟರಿನಿಂದ. ಒಣ ಹೊಲದಲ್ಲಿ ತಾನೇ ಎಬ್ಬಿಸಿದ ಧೂಳಿನ ಮೋಡದೊಳಗೆ ದಿನವಿಡೀ ದುಡಿಯುವ ಯಂತ್ರ ಅದು. 1915ರ ಸುಮಾರಿಗೆ ಅಮೆರಿಕದ ಯೂಟಾದಲ್ಲಿ ಒಬ್ಬ ರೈತನ ಟ್ರ್ಯಾಕ್ಟರ್ ಧೂಳಿನಿಂದ ಪದೇ ಪದೇ ಕೆಡುತ್ತಿದ್ದುದನ್ನು ಕಂಡ ಫ್ರಾಂಕ್ ಡೊನಾಲ್ಡ್‌ಸನ್ ಎಂಬ ಮಾರಾಟಗಾರ ತಂತಿಯ ಪಂಜರಕ್ಕೆ ಬಟ್ಟೆ ಸುತ್ತಿ ಒಂದು ಫಿಲ್ಟರ್ ಮಾಡಿಕೊಟ್ಟ. ಅದೇ ವರ್ಷ ಮಿನೆಸೋಟಾದಲ್ಲಿ ಹುಟ್ಟಿದ ಅವನ ಕಂಪನಿ ಇಂದಿಗೂ ಜಗತ್ತಿನ ದೊಡ್ಡ ಫಿಲ್ಟರ್ ತಯಾರಕರಲ್ಲಿ ಒಂದು. 1917ರಲ್ಲಿ ಬಂದ ಫೋರ್ಡ್‌ಸನ್ ಟ್ರ್ಯಾಕ್ಟರ್ ನೀರಿನ ಮೂಲಕ ಗಾಳಿಯನ್ನು ಹಾಯಿಸುತ್ತಿತ್ತು. ನೀರು ಬೇಗ ಆರುತ್ತಿತ್ತು, ಚಳಿಗೆ ಹೆಪ್ಪುಗಟ್ಟುತ್ತಿತ್ತು, ಕೆಸರಾದಾಗ ಚೆಲ್ಲಿ ಹೊಸದಾಗಿ ತುಂಬಬೇಕಿತ್ತು. 1920ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೃಷಿ ಕೇಂದ್ರ ಬಗೆಬಗೆಯ ಫಿಲ್ಟರ್‌ಗಳನ್ನು ಹೋಲಿಸಿ ಪರೀಕ್ಷಿಸಿತು. ಫಿಲ್ಟರ್ ಒಳ್ಳೆಯದೋ ಕೆಟ್ಟದ್ದೋ ಎಂಬುದು ಬಾಯಿಮಾತಿನಿಂದ ತೂಕದ ತಕ್ಕಡಿಗೆ ಬಂದದ್ದು ಇಂಥ ಕೆಲಸದಿಂದ.

ನೀರಿನ ಜಾಗಕ್ಕೆ ಎಣ್ಣೆ ಬಂತು. ಮೆಕ್ಯಾನಿಕ್‌ಗಳ ಬಾಯಲ್ಲಿ ಇಂದಿಗೂ ಉಳಿದಿರುವ ‘ಆಯಿಲ್ ಬಾತ್’ ಫಿಲ್ಟರ್ ಇದು. ನಡುವಿನ ಕೊಳವೆಯಲ್ಲಿ ಕೆಳಗಿಳಿದ ಗಾಳಿ ತಳದ ಬಟ್ಟಲಲ್ಲಿರುವ ಎಣ್ಣೆಯ ಮೇಲ್ಮೈಗೆ ಬಡಿದು ಥಟ್ಟನೆ ಮೇಲಕ್ಕೆ ತಿರುಗುತ್ತದೆ. ಭಾರದ ಧೂಳು ಆ ತಿರುವಿನಲ್ಲಿ ತಿರುಗಲಾರದೆ ಎಣ್ಣೆಗೆ ಬೀಳುತ್ತದೆ. ಹಗುರ ಧೂಳು ಮೇಲಿನ ಎಣ್ಣೆ ತೊಯ್ದ ಲೋಹದ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ತೊಟ್ಟಿಕ್ಕುವ ಎಣ್ಣೆ ಅದನ್ನೂ ಬಟ್ಟಲಿಗೆ ತೊಳೆದು ತರುತ್ತದೆ. ಬಟ್ಟಲ ಕೆಸರನ್ನು ಚೆಲ್ಲಿ, ಜಾಲರಿಯನ್ನು ಸೀಮೆಎಣ್ಣೆಯಲ್ಲಿ ಜಾಲಿಸಿ, ಗೆರೆಯವರೆಗೆ ಹೊಸ ಆಯಿಲ್ ತುಂಬಿದರೆ ಫಿಲ್ಟರ್ ಹೊಸದರಂತೆಯೇ. ಬಿಸಾಡುವಂಥದ್ದು ಅದರಲ್ಲಿ ಏನೂ ಇಲ್ಲ. ವಿಲ್ಲೀಸ್ ಜೀಪಿನಲ್ಲಿದ್ದದ್ದು ಇದೇ, ಅದರ ವಂಶದ ಮಹೀಂದ್ರಾ ಜೀಪುಗಳಲ್ಲಿದ್ದದ್ದೂ ಇದೇ. ಫೋಕ್ಸ್‌ವ್ಯಾಗನ್ ಬೀಟಲ್ 1970ರ ದಶಕದ ಆರಂಭದವರೆಗೂ ಇದನ್ನೇ ನಂಬಿಕೊಂಡಿತ್ತು. ಕರ್ನಾಟಕದ ಹೊಲಗಳಲ್ಲಿ ದುಡಿಯುವ ಹಳೆಯ ಟ್ರ್ಯಾಕ್ಟರ್‌ಗಳ ಬಟ್ಟಲಿಗೆ ಈಗಲೂ ಆಯಿಲ್ ತುಂಬುವವರಿದ್ದಾರೆ. ಅಂದರೆ ತೊಳೆದು ಬಳಸುವ ಫಿಲ್ಟರ್ ಹೊಸ ಕಾಲದ ಆವಿಷ್ಕಾರವಲ್ಲ; ಮೋಟಾರು ವಾಹನದ ಮೊದಲ ಅರ್ಧ ಶತಮಾನದಲ್ಲಿ ಹೆಚ್ಚುಕಡಿಮೆ ಎಲ್ಲ ಫಿಲ್ಟರ್‌ಗಳೂ ತೊಳೆದು ಬಳಸುವಂಥವೇ.

ಆಯಿಲ್ ಬಾತ್‌ನ ದೋಷ ಅದರ ತತ್ವದಲ್ಲೇ ಇತ್ತು. ಗಾಳಿ ವೇಗವಾಗಿ ಬಡಿದರೆ ಮಾತ್ರ ಧೂಳು ಎಣ್ಣೆಗೆ ಬೀಳುತ್ತದೆ. ಎಂಜಿನ್ ನಿಧಾನವಾಗಿ ಓಡುವಾಗ ನುಣ್ಣನೆಯ ಧೂಳು ಗಾಳಿಯ ಜತೆಗೇ ತಿರುಗಿ ಒಳಗೆ ಹೋಗುತ್ತಿತ್ತು. ಒಟ್ಟು ಧೂಳಿನಲ್ಲಿ ಶೇ. 95ರಷ್ಟನ್ನು ತಡೆದರೆ ಅದು ಒಳ್ಳೆಯ ಆಯಿಲ್ ಬಾತ್. ಬಂಡಿ ಓರೆಯಾದರೆ ಎಣ್ಣೆ ಚೆಲ್ಲುತ್ತಿತ್ತು, ಹೆಚ್ಚು ತುಂಬಿದರೆ ಎಂಜಿನ್ನೇ ಅದನ್ನು ಹೀರಿಕೊಳ್ಳುತ್ತಿತ್ತು. ಕೊಳಕು ಕೆಲಸವಾದ್ದರಿಂದ ಬಹಳ ಮಂದಿ ಮುಂದೂಡುತ್ತಲೇ ಇರುತ್ತಿದ್ದರು.

ಎರಡನೆಯ ಮಹಾಯುದ್ಧದ ಉತ್ತರ ಆಫ್ರಿಕಾ ರಣರಂಗ ಈ ಕೊಡುಕೊಳ್ಳುವಿಕೆಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಮರುಭೂಮಿಯ ಮರಳು ಟ್ಯಾಂಕ್, ಲಾರಿ, ವಿಮಾನಗಳ ಎಂಜಿನ್‌ಗಳನ್ನು ಅಕಾಲದಲ್ಲಿ ಸವೆಸಿತು. ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನದ ಮೂತಿಯ ಕೆಳಗೆ ವೋಕ್ಸ್ ಕಂಪನಿಯ ದೊಡ್ಡ ಫಿಲ್ಟರ್ ಹಾಕಿದಾಗ ಎಂಜಿನ್ ಉಳಿಯಿತು, ಆದರೆ ವಿಮಾನದ ವೇಗವೂ ಮೇಲೇರುವ ಶಕ್ತಿಯೂ ಕುಗ್ಗಿದವು. ಶತ್ರು ವಿಮಾನ ಬೆನ್ನಟ್ಟಿ ಬರುವಾಗ ಅದು ಜೀವ–ಮರಣದ ಪ್ರಶ್ನೆ. ಈಜಿಪ್ಟಿನ ಅಬೂಕೀರ್ ನೆಲೆಯ ದುರಸ್ತಿ ಘಟಕ ಅದಕ್ಕಿಂತ ಚಿಕ್ಕ, ಗಾಳಿಗೆ ಕಡಿಮೆ ಅಡ್ಡಿಯಾಗುವ ಫಿಲ್ಟರನ್ನು ತಾನೇ ರೂಪಿಸಿಕೊಂಡಿತು. ಬಳಕೆಯ ಸಂದರ್ಭ ಬದಲಾದರೆ ಸರಿಯಾದ ಫಿಲ್ಟರೂ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ.

ಧೂಳಿಗೂ ಒಂದು ಅಳತೆಗೋಲು ಬೇಕಾಯಿತು. ಪ್ರತಿ ಕಂಪನಿಯೂ ತನಗೆ ಬೇಕಾದ ಧೂಳಿನಲ್ಲಿ ಪರೀಕ್ಷಿಸಿದರೆ ಹೋಲಿಕೆಗೆ ಅರ್ಥವಿಲ್ಲ. ಅಮೆರಿಕದ ಅರಿಜೋನಾ ಮರುಭೂಮಿಯಿಂದ ತಂದ ಮಣ್ಣನ್ನು ಒಣಗಿಸಿ, ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ, ಜನರಲ್ ಮೋಟಾರ್ಸ್‌ನ ಎಸಿ ವಿಭಾಗ ಡಬ್ಬಿಗಳಲ್ಲಿ ಮಾರುತ್ತಿತ್ತು. ದಶಕಗಳ ಕಾಲ ‘ಎಸಿ ಫೈನ್’, ‘ಎಸಿ ಕೋರ್ಸ್’ ಎಂಬ ಹೆಸರಿನಲ್ಲಿ ಜಗತ್ತಿನ ಪ್ರಯೋಗಾಲಯಗಳು ಬಳಸಿದ್ದು ಈ ಮಣ್ಣನ್ನೇ. ಇಂದು ಐಎಸ್‌ಒ 12103 ಇಂಥ ಪರೀಕ್ಷಾ ಧೂಳಿನ ಸ್ವರೂಪವನ್ನೂ, ಐಎಸ್‌ಒ 5011 ಪರೀಕ್ಷೆಯ ಕ್ರಮವನ್ನೂ ಗೊತ್ತುಪಡಿಸುತ್ತವೆ.

1950ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಕಾರುಗಳಿಗೆ ಕಾಗದದ ಫಿಲ್ಟರ್ ಬಂತು. ರಾಳ ಉಣಿಸಿ ಗಟ್ಟಿ ಮಾಡಿದ ಕಾಗದವನ್ನು ನೆರಿಗೆ ನೆರಿಗೆಯಾಗಿ ಮಡಿಚಿ, ಚಿಕ್ಕ ಜಾಗದಲ್ಲಿ ದೊಡ್ಡ ಹರವನ್ನು ಕೂಡಿಸಿದ್ದು ಇದರ ಜಾಣ್ಮೆ. ಎಂಜಿನ್ ನಿಧಾನವಾಗಿರಲಿ, ಜೋರಾಗಿರಲಿ, ಕಾಗದ ಶೇ. 99ಕ್ಕೂ ಹೆಚ್ಚು ಧೂಳನ್ನು ತಡೆಯುತ್ತದೆ. ಹಗುರ, ಅಗ್ಗ, ಯಾವ ಆಕಾರಕ್ಕಾದರೂ ಒಗ್ಗುತ್ತದೆ; ತಗ್ಗಾಗುತ್ತಿದ್ದ ಬಾನೆಟ್‌ಗಳ ಕೆಳಗೆ ಎತ್ತರದ ಎಣ್ಣೆ ಬಟ್ಟಲಿಗೆ ಜಾಗವೂ ಉಳಿದಿರಲಿಲ್ಲ. ಇನ್ನೊಂದು ವಿಶೇಷವೂ ಇದೆ: ಕಾಗದದ ಮೇಲೆ ಕೂತ ಮೊದಲ ಧೂಳಿನ ಪದರವೇ ಮುಂದಿನ ಧೂಳಿಗೆ ಜರಡಿಯಾಗುತ್ತದೆ. ಆದ್ದರಿಂದ ಸ್ವಲ್ಪ ಮಾಸಿದ ಫಿಲ್ಟರ್ ಹೊಚ್ಚ ಹೊಸದಕ್ಕಿಂತ ಚೆನ್ನಾಗಿ ಶೋಧಿಸುತ್ತದೆ. ಬದಲಿ ಬಿಡಿಭಾಗಗಳ ಮಾರಾಟ ಕಂಪನಿಗಳಿಗೆ ಲಾಭ ತಂದದ್ದು ನಿಜ. ಆದರೆ ಬಿಸಾಡುವ ಫಿಲ್ಟರ್ ಗೆದ್ದದ್ದು ಬರೀ ವ್ಯಾಪಾರದ ತಂತ್ರದಿಂದ ಎನ್ನುವುದು ಅನ್ಯಾಯದ ಮಾತು. ಧೂಳನ್ನು ಅದು ನಿಜಕ್ಕೂ ಹೆಚ್ಚು ತಡೆಯಿತು.

ತೊಳೆಯುವ ಫಿಲ್ಟರ್ ಮರಳಿ ಬಂದದ್ದು ರೇಸಿನ ದಾರಿಯಿಂದ. 1960ರ ದಶಕದ ಕ್ಯಾಲಿಫೋರ್ನಿಯಾದಲ್ಲಿ ಮರುಭೂಮಿಯ ಮೋಟಾರ್‌ಸೈಕಲ್ ರೇಸುಗಳ ಹುಚ್ಚು. ಮೆಕ್ಸಿಕೋದ ಬಾಹಾ 1000 ರೇಸ್ ಶುರುವಾದದ್ದು 1967ರಲ್ಲಿ. ಕಾಗದ ಒದ್ದೆಯಾದರೆ ಮೆತ್ತಗಾಗಿ ಕುಸಿಯುತ್ತದೆ, ದಟ್ಟ ಧೂಳಿನಲ್ಲಿ ರೇಸ್ ಮುಗಿಯುವ ಮೊದಲೇ ಕಟ್ಟಿಕೊಳ್ಳುತ್ತದೆ. ಮೋಟೊಕ್ರಾಸ್ ಸವಾರರು ಎಣ್ಣೆ ಸವರಿದ ಫೋಮ್ ಫಿಲ್ಟರನ್ನು ಹಿಡಿದುಕೊಂಡರು. ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಊರಿನಲ್ಲಿ ಕೆನ್ ಜಾನ್ಸನ್ ಮತ್ತು ನಾರ್ಮ್ ಮೆಕ್‌ಡೊನಾಲ್ಡ್ ಎಂಬ ಇಬ್ಬರು ರೇಸ್ ಪ್ರಿಯರು ಬೇರೆ ದಾರಿ ಹಿಡಿದರು. ಇಬ್ಬರ ಹೆಸರಿನ ಮೊದಲಕ್ಷರಗಳಿಂದ ಕೆ&ಎನ್ ಆದ ಅವರ ಸಂಸ್ಥೆಯ ಫಿಲ್ಟರ್ ಪರಂಪರೆ 1969ರಿಂದ ಎಣಿಕೆಯಾಗುತ್ತದೆ. ಅಲ್ಯುಮಿನಿಯಂ ಜಾಲರಿಗಳ ನಡುವೆ ಸಡಿಲ ನೇಯ್ಗೆಯ ಹತ್ತಿ ಬಟ್ಟೆಯ ಕೆಲವು ಪದರ, ನೆರಿಗೆ ಹಿಡಿದು, ಅಂಟುವ ಎಣ್ಣೆ ಸಿಂಪಡಿಸಿದ್ದು. ಎಳೆಗಳ ನಡುವಿನ ಸಂದು ಕಾಗದದ ರಂಧ್ರಕ್ಕಿಂತ ಬಹಳ ದೊಡ್ಡದು. ಆ ಸಂದಿನಲ್ಲಿ ಗಾಳಿ ಸಲೀಸಾಗಿ ಹಾಯುತ್ತದೆ, ಎಳೆಗೆ ತಗುಲಿದ ಧೂಳು ಎಣ್ಣೆಗೆ ಅಂಟುತ್ತದೆ. ಹಳೆಯ ಆಯಿಲ್ ಬಾತ್‌ನ ಜಾಲರಿಯ ತತ್ವವೇ ಹತ್ತಿಯ ಮೈ ತಾಳಿತು ಎನ್ನಬಹುದು.

ರೇಸಿನಲ್ಲಿ ಇದು ಒಳ್ಳೆಯ ವ್ಯವಹಾರ. ಅಲ್ಲಿ ಎಂಜಿನ್ನಿಗೆ ಗಾಳಿ ಬಿಡುವ ಕವಾಟ, ಅಂದರೆ ಥ್ರಾಟಲ್, ಬಹುಪಾಲು ಪೂರ್ತಿ ತೆರೆದೇ ಇರುತ್ತದೆ, ಗಾಳಿಯ ಹರಿವಿನ ಚಿಕ್ಕ ಲಾಭವೂ ಗೆಲುವು–ಸೋಲಿನ ಅಂತರವಾಗಬಹುದು. ಎಂಜಿನ್ ಹೇಗೂ ಕೆಲವು ರೇಸುಗಳಿಗೊಮ್ಮೆ ಬಿಚ್ಚಿಕೊಳ್ಳುತ್ತದೆ, ಆದ್ದರಿಂದ ಒಂದಿಷ್ಟು ಹೆಚ್ಚು ಸವೆತ ಯಾರಿಗೂ ಭಾರವಲ್ಲ. 1970–80ರ ದಶಕಗಳಲ್ಲಿ ಅದೇ ಫಿಲ್ಟರ್ ದಿನಬಳಕೆಯ ಕಾರಿನ ಮಾರುಕಟ್ಟೆಗೆ ಬಂದಾಗ ಈ ಷರತ್ತುಗಳು ಹಿಂದೆ ಉಳಿದವು, ಭರವಸೆಗಳು ಮುಂದೆ ಬಂದವು: ಹೆಚ್ಚು ಶಕ್ತಿ, ಹೆಚ್ಚು ಮೈಲೇಜ್, ಜೀವಮಾನಕ್ಕೆ ಒಂದೇ ಫಿಲ್ಟರ್. ಕೆ&ಎನ್ ತನ್ನ ಕಾರು ಫಿಲ್ಟರ್‌ಗಳಿಗೆ ಹತ್ತು ಲಕ್ಷ ಮೈಲಿಯ ವಾರಂಟಿಯನ್ನೇ ಕೊಟ್ಟಿತು.

ಕಾರ್ಬುರೇಟರ್ ಕಾಲದಲ್ಲಿ ಮೈಲೇಜಿನ ಮಾತಿಗೆ ಒಂದಿಷ್ಟು ಆಧಾರವಿತ್ತು. ಫಿಲ್ಟರ್ ಕಟ್ಟಿಕೊಂಡರೆ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿ ಕಪ್ಪು ಹೊಗೆ ಬರುತ್ತಿತ್ತು. ಎಲೆಕ್ಟ್ರಾನಿಕ್ ಇಂಜೆಕ್ಷನ್ ಆ ಆಧಾರವನ್ನು ಕಿತ್ತುಹಾಕಿತು. ಒಳಬರುವ ಗಾಳಿಯನ್ನು ಅಳೆದು ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಕೊಡುವ ವ್ಯವಸ್ಥೆಯಲ್ಲಿ ಫಿಲ್ಟರ್ ಕಟ್ಟಿದರೂ ಮಿಶ್ರಣ ಕೆಡುವುದಿಲ್ಲ. ಸಾಮಾನ್ಯ ಓಡಾಟದಲ್ಲಿ ಗಾಳಿಗೆ ದೊಡ್ಡ ಅಡ್ಡಿ ಫಿಲ್ಟರ್ ಅಲ್ಲ, ಅರ್ಧ ಮುಚ್ಚಿದ ಥ್ರಾಟಲ್. ಫಿಲ್ಟರ್ ಅಡ್ಡಿ ಕಡಿಮೆಯಾದರೆ ಚಾಲಕ ಆಕ್ಸಿಲರೇಟರನ್ನು ತನಗರಿವಿಲ್ಲದೆ ಕೂದಲೆಳೆಯಷ್ಟು ಕಡಿಮೆ ಒತ್ತುತ್ತಾನೆ, ಅಷ್ಟೆ. 2009ರಲ್ಲಿ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ ಫಿಲ್ಟರ್‌ಗಳನ್ನು ಬೇಕೆಂದೇ ಕಟ್ಟಿಸಿ ಪರೀಕ್ಷಿಸಿತು. ಇಂಜೆಕ್ಷನ್ ಇರುವ ಪೆಟ್ರೋಲ್ ಕಾರುಗಳ ಮೈಲೇಜಿನಲ್ಲಿ ಗಮನಿಸುವಷ್ಟು ವ್ಯತ್ಯಾಸ ಕಾಣಲಿಲ್ಲ. ಪೂರ್ತಿ ವೇಗ ಹೆಚ್ಚಿಸುವಾಗ ಮಾತ್ರ ಎಂಜಿನ್ ಮಂದವಾಯಿತು. ಕಟ್ಟಿಕೊಂಡ ಫಿಲ್ಟರೇ ಮೈಲೇಜನ್ನು ತಗ್ಗಿಸದಿದ್ದರೆ, ಶುಭ್ರ ಕಾಗದವನ್ನು ತೆಗೆದು ಹತ್ತಿ ಹಾಕಿದ ಮಾತ್ರಕ್ಕೆ ಮೈಲೇಜ್ ಏರಲು ಕಾರಣವೇ ಇಲ್ಲ.

ಇಂಜೆಕ್ಷನ್ ಇನ್ನೊಂದು ತೊಡಕನ್ನೂ ತಂದಿತು. 1980ರ ದಶಕದಿಂದ ಹರಡಿದ ಬಾಷ್ ಮಾದರಿಯ ಬಿಸಿ ತಂತಿಯ ಸೆನ್ಸರ್, ಗಾಳಿ ಆ ತಂತಿಯನ್ನು ಎಷ್ಟು ತಣಿಸುತ್ತದೆ ಎಂಬುದರಿಂದ ಗಾಳಿಯ ಪ್ರಮಾಣವನ್ನು ಅಳೆಯುತ್ತದೆ. ಫಿಲ್ಟರಿಗೆ ಎಣ್ಣೆ ಹೆಚ್ಚಾದರೆ ಅದು ಹಾರಿ ಆ ತಂತಿಯ ಮೇಲೆ ಕೂತು ಅಳತೆಯನ್ನು ತಪ್ಪಿಸಬಲ್ಲದು. ಫಿಲ್ಟರ್ ತಯಾರಕರು ಸರಿಯಾಗಿ ಸಿಂಪಡಿಸಿದರೆ ಹೀಗಾಗದು ಎನ್ನುತ್ತಾರೆ. ಆದರೆ ಮನೆಯಲ್ಲಿ ಸಿಂಪಡಿಸುವವರ ಕೈಯಲ್ಲಿ ಅಳತೆಗೋಲಿರುವುದಿಲ್ಲ. ಹೆಚ್ಚಾದರೆ ಸೆನ್ಸರಿಗೆ ತೊಂದರೆ, ಕಡಿಮೆಯಾದರೆ ಒಣಗಿದ ಎಳೆಗಳ ನಡುವೆ ಧೂಳಿಗೆ ದಾರಿ.

ನಿರ್ಣಾಯಕವಾದ ಲೆಕ್ಕ ಧೂಳಿನದೇ. ಶೇ. 99 ಮತ್ತು ಶೇ. 97 ಕಿವಿಗೆ ಹೆಚ್ಚುಕಡಿಮೆ ಒಂದೇ ಎನಿಸುತ್ತವೆ. ಆದರೆ ಎಂಜಿನ್ನಿಗೆ ಮುಖ್ಯವಾದದ್ದು ಒಳಗೆ ನುಸುಳಿದ ಧೂಳು: ನೂರು ಗ್ರಾಂನಲ್ಲಿ ಮೊದಲನೆಯದು ಒಂದು ಗ್ರಾಂ ಬಿಟ್ಟರೆ ಎರಡನೆಯದು ಮೂರು ಗ್ರಾಂ ಬಿಡುತ್ತದೆ, ಅಂದರೆ ಮೂರು ಪಟ್ಟು. ಎಣ್ಣೆ ಹತ್ತಿಯ ಫಿಲ್ಟರ್‌ಗಳಿಗೆ ಅವುಗಳ ತಯಾರಕರೇ ಹೇಳುವ ದಕ್ಷತೆ ಶೇ. 96ರಿಂದ 99ರ ನಡುವೆ. ಅದರ ಮೇಲೆ, ಪ್ರತಿ ಸಲ ತೊಳೆದಾಗ ಕೂತಿದ್ದ ಧೂಳಿನ ಪದರ ಹೋಗಿ ಶೋಧನೆ ಮತ್ತೆ ಆರಂಭದ ಮಟ್ಟಕ್ಕೆ ಇಳಿಯುತ್ತದೆ. ಮಳೆ ಬಿದ್ದ ಡಾಂಬರು ರಸ್ತೆಯ ನಾಡಿನಲ್ಲಿ ಈ ವ್ಯತ್ಯಾಸ ಕಾರಿನ ಆಯುಷ್ಯದುದ್ದಕ್ಕೂ ಕಾಣಿಸದೆ ಹೋಗಬಹುದು. ಬಯಲುಸೀಮೆಯ ಬೇಸಿಗೆಯಲ್ಲಿ, ಬಳ್ಳಾರಿ–ಸಂಡೂರಿನ ಅದಿರು ಲಾರಿಗಳ ಹಿಂದೆ ಸಾಗುವ ಕಾರಿಗೆ ಹಾಗಾಗದು. ಟರ್ಬೊ ಡೀಸೆಲ್‌ನಲ್ಲಂತೂ ಆ ಧೂಳು ಮೊದಲು ಬಡಿಯುವುದೇ ನಿಮಿಷಕ್ಕೆ ಲಕ್ಷ ಸುತ್ತು ತಿರುಗಬಲ್ಲ ಕಂಪ್ರೆಸರ್ ಚಕ್ರದ ಅಲಗುಗಳಿಗೆ.

ಹಣದ ಲೆಕ್ಕವೂ ತೊಳೆಯುವ ಫಿಲ್ಟರಿನ ಕಡೆ ಅಷ್ಟಾಗಿ ವಾಲುವುದಿಲ್ಲ. ಅದರ ಬೆಲೆ ಕಾಗದದ್ದಕ್ಕಿಂತ ಹಲವು ಪಟ್ಟು. ತೊಳೆಯುವ ದ್ರವ, ಎಣ್ಣೆಗಳ ಕಿಟ್ ಬೇರೆ. ಸಾಮಾನ್ಯ ಕಾರಿನ ಕಾಗದದ ಫಿಲ್ಟರ್ ಕೆಲವು ನೂರು ರೂಪಾಯಿಗೆ ಸಿಗುವ ಭಾರತದಲ್ಲಿ ಅಸಲು ಮರಳಿ ಬರಲು ಬಹಳ ವರ್ಷ ಒಂದೇ ಕಾರನ್ನು ಇಟ್ಟುಕೊಳ್ಳಬೇಕು. ಕಸ ಕಡಿಮೆಯಾಗುತ್ತದೆ ಎಂಬ ವಾದಕ್ಕೆ ಬೆಲೆಯಿದೆ. ಎಣ್ಣೆ ಬೆರೆತ ಕೊಳೆನೀರು ಮೋರಿಗೆ ಹರಿದರೆ ಆ ಬೆಲೆ ಇಳಿಯುತ್ತದೆ. ಎಣ್ಣೆಯೇ ಬೇಡದ ಸಿಂಥೆಟಿಕ್ ಬಟ್ಟೆಯ ಒಣ ಫಿಲ್ಟರ್‌ಗಳೂ ಈಗ ಇವೆ. ಅವು ಸೆನ್ಸರಿನ ಭಯವನ್ನು ಕಳೆದಿವೆ, ಬೆಲೆಯ ಪ್ರಶ್ನೆಯನ್ನಲ್ಲ.

ಅತಿ ಧೂಳಿನ ಕೆಲಸದ ಯಂತ್ರಗಳು ಹೋದ ದಾರಿ ಇಲ್ಲಿ ಗಮನಾರ್ಹ. ಹೊಸ ಟ್ರ್ಯಾಕ್ಟರ್‌ಗಳು, ಗಣಿಯ ಟಿಪ್ಪರ್‌ಗಳು ಆಯಿಲ್ ಬಾತ್ ಬಿಟ್ಟು ಹತ್ತಿಯ ಕಡೆ ಹೋಗಲಿಲ್ಲ, ಎರಡು ಹಂತದ ಒಣ ಫಿಲ್ಟರ್‌ಗೆ ಹೋದವು. ಮೊದಲು ಗಾಳಿಯನ್ನು ಸುಳಿಯಂತೆ ತಿರುಗಿಸಿ ಒರಟು ಧೂಳನ್ನು ಹೊರಕ್ಕೆ ಚೆಲ್ಲುವ ಭಾಗ, ಆಮೇಲೆ ನೆರಿಗೆಯ ಮುಖ್ಯ ಫಿಲ್ಟರ್, ಅದರೊಳಗೆ ಕಾವಲಿಗೆ ಇನ್ನೊಂದು. ಆ ಒಳಗಿನದನ್ನು ತೊಳೆಯಲೂಬಾರದು, ಊದಲೂಬಾರದು, ಬದಲಿಸಬೇಕು.

ಇಲ್ಲಿನ ಗ್ಯಾರೇಜುಗಳಲ್ಲಿ ಮಾತ್ರ ಕಾಗದದ ಫಿಲ್ಟರನ್ನೇ ತೊಳೆಯುವ ಫಿಲ್ಟರಿನಂತೆ ಬಳಸುವ ವಾಡಿಕೆ ಬೇರೂರಿದೆ. ಸರ್ವಿಸಿಗೆ ಬಂದ ಕಾರಿನ ಫಿಲ್ಟರ್ ತೆಗೆದು, ನೆಲಕ್ಕೆ ಕುಟ್ಟಿ, ಕಂಪ್ರೆಸರ್‌ನಿಂದ ಜೋರಾಗಿ ಗಾಳಿ ಹೊಡೆದು ಮತ್ತೆ ಕೂರಿಸುತ್ತಾರೆ. ಕಾರಿನ ಕೈಪಿಡಿ ಅನುಮತಿಸಿದ್ದರೆ, ಕಡಿಮೆ ಒತ್ತಡದಲ್ಲಿ, ಶುಭ್ರವಾದ ಕಡೆಯಿಂದ ಮಾಸಿದ ಕಡೆಗೆ ಊದುವುದು ತಪ್ಪಲ್ಲ. ಹೆಚ್ಚು ಒತ್ತಡದ ಗಾಳಿ ನೆರಿಗೆಗಳ ಎಳೆಯನ್ನು ಬಿಡಿಸುತ್ತದೆ, ಕುಟ್ಟಿದಾಗ ಅಂಚಿನ ರಬ್ಬರ್ ಸೊಟ್ಟಗಾಗಿ ಧೂಳು ಫಿಲ್ಟರಿನ ಪಕ್ಕದಿಂದಲೇ ಒಳಗೆ ನುಗ್ಗುತ್ತದೆ. ಬಣ್ಣ ನೋಡಿ ಫಿಲ್ಟರ್ ಕೆಟ್ಟಿದೆ ಎಂದು ತೀರ್ಮಾನಿಸುವುದೂ ಸರಿಯಲ್ಲ. ದೊಡ್ಡ ಯಂತ್ರಗಳಲ್ಲಿ ಇದಕ್ಕಾಗಿಯೇ ಒಂದು ಚಿಕ್ಕ ಸೂಚಕ ಇರುತ್ತದೆ. ಫಿಲ್ಟರಿನ ಆಚೆಗೆ ಎಳೆತ ಎಷ್ಟು ಹೆಚ್ಚಿದೆ ಎಂದು ಅಳೆದು, ಮಿತಿ ಮೀರಿದಾಗ ಕೆಂಪು ತೋರಿಸುತ್ತದೆ. ಆ ಸೂಚಕವಿಲ್ಲದ ಕಾರಿನಲ್ಲಿ ಕೈಪಿಡಿಯ ಕಿಲೋಮೀಟರ್ ಲೆಕ್ಕವನ್ನು ಹಿಡಿದು, ಧೂಳಿನ ಊರಿನಲ್ಲಿ ಅದನ್ನು ಇನ್ನಷ್ಟು ಇಳಿಸಿ, ಹೊಸ ಕಾಗದ ಹಾಕುವುದು ಉಳಿದ ಮಾರ್ಗ.