‘50 ಅಡಿ ಅಲೆ ಊರಿಗೆ ನುಗ್ಗಲಿದೆ’: ಚಂಡಮಾರುತದ ಅಲೆ ನಕ್ಷೆಯನ್ನು ಓದುವುದು ಹೇಗೆ?

ಅಮೆರಿಕದ ಕಡೆ ಹರಿಕೇನ್ ಎದ್ದಾಗ ಬಣ್ಣಬಣ್ಣದ ನಕ್ಷೆಯೊಂದು ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಸಮುದ್ರದ ನಡುವೆ ಕೆಂಪು-ನೇರಳೆ ಮಚ್ಚೆ, ಪಕ್ಕದಲ್ಲಿ ‘15 ಮೀಟರ್’ ಎಂಬ ಅಂಕಿ, ಕೆಳಗೆ ‘50 ಅಡಿ ಅಲೆ ಊರಿಗೆ ನುಗ್ಗಲಿದೆ’ ಎಂಬ ಒಕ್ಕಣೆ. (ಹರಿಕೇನ್ ಅಂದರೆ ಬೇರೇನೂ ಅಲ್ಲ, ನಮ್ಮ ಚಂಡಮಾರುತವೇ. ಅಟ್ಲಾಂಟಿಕ್‌ನಲ್ಲಿ ಅದಕ್ಕೆ ಆ ಹೆಸರು.) ನಕ್ಷೆ ನಿಜದ್ದೇ ಇದ್ದರೂ ಒಕ್ಕಣೆ ತಪ್ಪು.

ಆ ಅಂಕಿ ನಡುಸಮುದ್ರದ್ದು. ಅಲೆ ದಡದತ್ತ ಬಂದಂತೆ ಆಳ ಕಡಿಮೆಯಾಗುತ್ತದೆ. ಅಲೆಯ ಎತ್ತರ ನೀರಿನ ಆಳದ ಮುಕ್ಕಾಲು ಭಾಗವನ್ನು ದಾಟುವ ಹೊತ್ತಿಗೆ ಅದು ಸಾಮಾನ್ಯವಾಗಿ ಒಡೆದು ನೊರೆಯಾಗುತ್ತದೆ. ಹಾಗಾಗಿ 15 ಮೀಟರ್ ಅಲೆ ಅದೇ ಎತ್ತರದಲ್ಲಿ ಬೀದಿಗೆ ಬರುವುದಿಲ್ಲ. ಊರನ್ನು ಮುಳುಗಿಸುವುದು ಹೆಚ್ಚಾಗಿ ಬಿರುಗಾಳಿಯ ಉಬ್ಬರ, ಅಂದರೆ ಗಾಳಿ ದೂಡಿ ತಂದು ದಡದಲ್ಲಿ ಪೇರಿಸುವ ನೀರು. ಅಲೆಗಳು ಅದರ ಬೆನ್ನೇರಿ ಬರುತ್ತವೆ.

ಹಾಗಂತ ನಡುಸಮುದ್ರದಲ್ಲಿರುವ ಹಡಗಿನವರು ಆ ಅಂಕಿ ನೋಡಿ ನಿರಾಳವಾಗುವಂತಿಲ್ಲ. ನಕ್ಷೆ ತೋರಿಸುವುದು ಸಾಮಾನ್ಯವಾಗಿ ಅತಿ ಎತ್ತರದ ಮೂರನೇ ಒಂದು ಭಾಗ ಅಲೆಗಳ ಸರಾಸರಿ. ಒಂಟಿ ಅಲೆಯೊಂದು ಅದರ ಸುಮಾರು ಎರಡು ಪಟ್ಟು ಏಳಬಹುದು. 2004ರ ಸೆಪ್ಟೆಂಬರ್‌ನಲ್ಲಿ ಐವನ್ ಚಂಡಮಾರುತ ಮೆಕ್ಸಿಕೊ ಕೊಲ್ಲಿಯನ್ನು ದಾಟುವಾಗ, ಅಮೆರಿಕದ ನೌಕಾಪಡೆಯ ಸಂಶೋಧನಾಲಯ ಸಮುದ್ರದ ತಳದಲ್ಲಿ ಇಟ್ಟಿದ್ದ ಒತ್ತಡಮಾಪಕಗಳ ಮೇಲೆಯೇ ಹಾದುಹೋಯಿತು. ಸರಾಸರಿ ಲೆಕ್ಕದಲ್ಲಿ ಸುಮಾರು 18 ಮೀಟರ್. ಆದರೆ ದಾಖಲಾದ ಒಂದು ಅಲೆ 27.7 ಮೀಟರ್, ಅಂದರೆ ಒಂಬತ್ತು ಅಂತಸ್ತಿನ ಕಟ್ಟಡದಷ್ಟು! ಉಪಕರಣಗಳು ಬಿಟ್ಟು ಬಿಟ್ಟು ಅಳೆಯುತ್ತಿದ್ದವು. ಅವುಗಳ ಕಣ್ತಪ್ಪಿಸಿ 40 ಮೀಟರ್ ಮೀರಿದ ಅಲೆಗಳೂ ಎದ್ದಿರಬಹುದು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದರು.

ಇಷ್ಟನ್ನು ಮುಂಚೆಯೇ ಹೇಳುವುದು ಹೇಗೆ?

ಹಿಂದಿನ ಕ್ರಮ ಸರಳ: ಗಾಳಿಯ ಕಂಪ್ಯೂಟರ್ ಮಾದರಿ ಓಡಿಸಿ, ಅದರ ಉತ್ತರವನ್ನು ಅಲೆಯ ಮಾದರಿಗೆ ಕೊಡುವುದು. ಗಾಳಿ ಹೇಳಿತು, ಅಲೆ ಕೇಳಿತು. ಆದರೆ ಸಮುದ್ರ ತಿರುಗಿ ಮಾತಾಡುತ್ತದೆ. ಚಂಡಮಾರುತಕ್ಕೆ ಇಂಧನ ಮೇಲ್ಮೈಯ ಬಿಸಿನೀರು. ಗಾಳಿ ಸಮುದ್ರವನ್ನು ಕಡೆದಾಗ ಕೆಳಗಿನ ತಣ್ಣೀರು ಮೇಲೆ ಬಂದು ಅದೇ ಇಂಧನವನ್ನು ಕಡಿಮೆ ಮಾಡುತ್ತದೆ. ಇದನ್ನು ಲೆಕ್ಕಕ್ಕೆ ತರದ ಮಾದರಿ ಚಂಡಮಾರುತವನ್ನು ಇರುವುದಕ್ಕಿಂತ ಬಲವಾಗಿ ತೋರಿಸಬಹುದು, ಆಗ ಅಲೆಯ ಲೆಕ್ಕವೂ ಉಬ್ಬುತ್ತದೆ. 2001ರಿಂದ ಅಮೆರಿಕದ ಜಿಎಫ್‌ಡಿಎಲ್ ಹರಿಕೇನ್ ಮಾದರಿಯನ್ನು ಸಾಗರದ ಮಾದರಿಯೊಂದಕ್ಕೆ ಜೋಡಿಸಿಯೇ ದಿನನಿತ್ಯದ ಮುನ್ಸೂಚನೆಗೆ ಬಳಸತೊಡಗಿದರು.

ಅಲೆಗಳೂ ಸುಮ್ಮನಿರುವುದಿಲ್ಲ. ಅವು ಸಮುದ್ರದ ಮೈಯನ್ನು ಒರಟು ಮಾಡಿ ಗಾಳಿಯನ್ನು ತಡೆಯುತ್ತವೆ. ಗಾಳಿ ಜೋರಾದಷ್ಟೂ ಈ ತಡೆ ಹೆಚ್ಚುತ್ತಲೇ ಹೋಗುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ವಿಮಾನದಿಂದ ಚಂಡಮಾರುತದೊಳಗೆ ಬೀಳಿಸಿದ ಪುಟ್ಟ ಉಪಕರಣಗಳ ಅಳತೆಗಳನ್ನು ಆಧರಿಸಿದ 2003ರ ಅಧ್ಯಯನ ಬೇರೆಯೇ ಹೇಳಿತು: ಗಂಟೆಗೆ ಸುಮಾರು 120 ಕಿ.ಮೀ. ವೇಗದ ನಂತರ ಈ ತಡೆ ಏರುವುದು ನಿಲ್ಲುತ್ತದೆ. ನೊರೆ, ತುಂತುರು ಇದಕ್ಕೆ ಕಾರಣವಿರಬಹುದು ಎಂಬ ವಿವರಣೆ ಇದೆ.

ಆದ್ದರಿಂದಲೇ ‘ಜೋಡಿತ ಮಾದರಿ’ಗಳು ಬಂದವು. ಕೋಸ್ಟ್ ಎಂಬ ವ್ಯವಸ್ಥೆಯಲ್ಲಿ ಗಾಳಿಗೆ ವರ್ಫ್, ಸಾಗರಕ್ಕೆ ರೋಮ್ಸ್, ಅಲೆಗೆ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಹುಟ್ಟಿದ ಸ್ವಾನ್ ಎಂಬ ಮೂರು ಮಾದರಿಗಳು ಒಟ್ಟಿಗೆ ಓಡುತ್ತವೆ. ಬೇರೆ ಬೇರೆ ಕೋಣೆಯಲ್ಲಿ ಲೆಕ್ಕ ಬರೆದು ಕೊನೆಗೆ ತಾಳೆ ನೋಡುವ ಬದಲು, ಮೂವರನ್ನೂ ಒಂದೇ ಮೇಜಿಗೆ ಕೂರಿಸಿದ ಹಾಗೆ. ಗಾಳಿಯ ವೇಗ, ನೀರಿನ ಉಷ್ಣತೆ, ಅಲೆಯ ಎತ್ತರ, ಪ್ರವಾಹ ಎಲ್ಲವೂ ಗೊತ್ತುಪಡಿಸಿದ ಸಮಯಕ್ಕೊಮ್ಮೆ ಕೈಬದಲಾಗುತ್ತವೆ.

ಒಂದು ಮಾತು ನೆನಪಿರಲಿ. ಇಂಥ ಅಲೆಯ ಮಾದರಿ ಒಂದೊಂದೇ ಅಲೆಯನ್ನು ಲೆಕ್ಕ ಹಾಕುವುದಿಲ್ಲ. ಯಾವ ದಿಕ್ಕಿಗೆ, ಯಾವ ಅಂತರದ ಅಲೆಗಳಲ್ಲಿ ಎಷ್ಟು ಶಕ್ತಿ ಇದೆ ಎಂದಷ್ಟೇ ಹೇಳುತ್ತದೆ. ‘ನಾಳೆ ಸಂಜೆ 4ಕ್ಕೆ 90 ಅಡಿ ಅಲೆ ಅಪ್ಪಳಿಸುತ್ತದೆ’ ಎಂದು ಅದು ಹೇಳಲಾರದು. ಇನ್ನು ಚಂಡಮಾರುತದ ದಾರಿಯ ಅಂದಾಜೇ ನೂರು ಕಿಲೋಮೀಟರ್ ಆಚೀಚೆಯಾದರೆ, ಅಲೆಯ ಅಂದಾಜೂ ಅದರ ಹಿಂದೆಯೇ ಹೋಗುತ್ತದೆ.

ಮಾದರಿಗಳು ಚೆನ್ನಾಗಿ ಹೇಳುವ, ಜನ ಮಾತ್ರ ಕಿವಿಗೆ ಹಾಕಿಕೊಳ್ಳದ ವಿಷಯ ಇನ್ನೊಂದಿದೆ. ಉದ್ದನೆಯ ಅಲೆಗಳು ಚಂಡಮಾರುತಕ್ಕಿಂತ ಮುಂದೆ ಓಡುತ್ತವೆ. 15 ಸೆಕೆಂಡಿಗೊಮ್ಮೆ ಬರುವ ಅಲೆಗಳ ಶಕ್ತಿ ಆಳ ಸಮುದ್ರದಲ್ಲಿ ಗಂಟೆಗೆ ಸುಮಾರು 42 ಕಿ.ಮೀ. ಸಾಗುತ್ತದೆ. ಎಷ್ಟೋ ಚಂಡಮಾರುತಗಳು ಅಷ್ಟು ವೇಗವಾಗಿ ಚಲಿಸುವುದಿಲ್ಲ. 2009ರ ಆಗಸ್ಟ್ 23ರಂದು ಬಿಲ್ ಚಂಡಮಾರುತದ ಕೇಂದ್ರ ದೂರದ ಸಮುದ್ರದಲ್ಲಿತ್ತು. ಅಮೆರಿಕದ ಮೇನ್ ರಾಜ್ಯದ ಅಕೇಡಿಯಾ ರಾಷ್ಟ್ರೀಯ ಉದ್ಯಾನದ ಬಂಡೆಗಳ ಮೇಲೆ ಜನ ಅಲೆ ನೋಡಲು ಸೇರಿದ್ದರು. ಒಂದು ದೊಡ್ಡ ಅಲೆ ಕೆಲವರನ್ನು ಸಮುದ್ರಕ್ಕೆ ಎಳೆದೊಯ್ದಿತು. ಏಳು ವರ್ಷದ ಬಾಲಕಿ ಉಳಿಯಲಿಲ್ಲ.

ನಮ್ಮ ಪಶ್ಚಿಮ ಕರಾವಳಿಗೂ ಹೀಗೆ ದೂರದ ಅಲೆಗಳು ಬರುತ್ತವೆ. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗಳಿಂದ ಹೊರಟು, ಇಲ್ಲಿ ಗಾಳಿಯೇ ಇಲ್ಲದ ದಿನ ದಡಕ್ಕೆ ನುಗ್ಗುವ ಇವನ್ನು ಕೇರಳದವರು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಇದಕ್ಕೆ ಎಚ್ಚರಿಕೆ ಕೊಡುವುದು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ. ಕರ್ನಾಟಕದ ಕರಾವಳಿಗೂ ಅದರ ಮುನ್ಸೂಚನೆ ಸಿಗುತ್ತದೆ.

ಮುಂದಿನ ಸಲ ಇಂಥ ನಕ್ಷೆ ಬಂದರೆ ಮೊದಲು ಅದರ ಮೂಲೆ ನೋಡಿ. ಅಂಕಿ ಅಡಿಯಲ್ಲಿದೆಯೋ ಮೀಟರಿನಲ್ಲೋ, ತಾರೀಖು ಯಾವುದು ಎಂಬುದು ಹೆಚ್ಚಾಗಿ ಅಲ್ಲೇ ಇರುತ್ತದೆ. ಸಮಯದ ಮುಂದೆ ‘ಯುಟಿಸಿ’ ಎಂದಿದ್ದರೆ ಅದಕ್ಕೆ ಐದೂವರೆ ಗಂಟೆ ಕೂಡಿಸಿ, ಆಗ ಭಾರತದ ಸಮಯ ಸಿಗುತ್ತದೆ.